ಬೀಗರ ಮನೆಗೆ ಹೋದ ಹಲಸು

ಮೊನ್ನೆ ಚಿಂತಾಮಣಿಯ ಬಸ್ ನಿಲ್ದಾಣದ ಎದುರು ಒಬ್ಬ ಹಲಸಿನ ಹಣ್ಣು ರಾಶಿ ಹಾಕಿಕೊಂಡು ಕುಳಿತಿದ್ದ. ನಾನು ನಾದಿನಿ ಶಶಿಯ ಮನೆಗೆ ಹೋಗಿ ಹಿಂದಿರುಗುತ್ತಿದ್ದೆ. ಮನಸ್ಸು ಮೊದಲೇ ಕೆಟ್ಟಿತ್ತು. ಶಶಿಯ ಅತ್ತೆ ಬಾಗಿಲಲ್ಲೇ ನಗುತ್ತಾ, “ಬನ್ನಿ ಟೀಚರಮ್ಮ, ಹಣ್ಣು ತಂದ್ರಾ, ಕಾಯಿ ತಂದ್ರಾ?” ಎಂದು ಕೇಳಿದ್ದರು. ಪ್ರತಿ ವರ್ಷ ಕೇಳುತ್ತಾರೆ. ಪ್ರತಿ ವರ್ಷ ನಾನೂ ನಗುತ್ತೇನೆ, ಹಲ್ಲು ಕಚ್ಚಿಕೊಂಡು.

ಈ ವರ್ಷ ನಮ್ಮ ಹಲಸಿನ ಮರ ಕೈಕೊಟ್ಟಿದೆ. ಮನೆಗೊಂದು ಹಣ್ಣು ಒಯ್ಯೋಣವೆಂದು ರಾಶಿಯ ಮುಂದೆ ನಿಂತೆ. ನಿಂತವಳು ಸುಮ್ಮನೆ ಬೆಲೆ ಕೇಳಬೇಕಿತ್ತು. ಅದು ಬಿಟ್ಟು ಬಗ್ಗಿ, ಬೆರಳ ಗಿಣ್ಣಿನಿಂದ ಒಂದೊಂದನ್ನೇ ತಟ್ಟಿ, ತೊಟ್ಟಿನ ಹತ್ತಿರ ಮೂಗಿಟ್ಟು ಮೂಸತೊಡಗಿದೆ. ವ್ಯಾಪಾರಿ ಮಚ್ಚು ಕೈಗೆತ್ತಿಕೊಂಡ.

“ಯಾಕಕ್ಕಾ ಇಷ್ಟು ಕಷ್ಟ? ಒಂದು ಚೂರು ಕೊಯ್ದು ತೋರಿಸ್ತೀನಿ, ನೋಡ್ಕೊಂಡು ತಗೊಳ್ಳಿ.”

“ಕೊಯ್ಯಬೇಡಪ್ಪ,” ಎಂದೆ. ಎಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಕೊಯ್ದು ನೋಡಿದರೆ ಹೋಗುವುದೇನಿತ್ತು? ಅದೇನು ಬೀಗರ ಮನೆಗೆ ಹೋಗುವ ಹಣ್ಣೇ? ಆದರೆ ತೊಟ್ಟಿನ ವಾಸನೆ ಮೂಗಿಗೆ ಬಡಿದಿತ್ತು, ಆ ಒಂದು ಮಳೆಗಾಲ ಪೂರ್ತಿಯಾಗಿ ತಲೆಗೆ ಹತ್ತಿತ್ತು.

ನಾನು ಗೌರಿಬಿದನೂರಿನ ಪೇಟೆಯಲ್ಲಿ ಬೆಳೆದವಳು. ಅಲ್ಲಿ ನನಗೆ ಹಲಸೆಂದರೆ ಗಾಡಿಯವನು ಕಾಗದದಲ್ಲಿ ಕಟ್ಟಿಕೊಡುವ ತೊಳೆ. ಮದುವೆಯಾಗಿ ದಿಬ್ಬೂರಹಳ್ಳಿ ಕಡೆಯ ಈ ಊರಿಗೆ ಬಂದೆ. ನಾನು ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನಮ್ಮವರು ಮತ್ತು ಮಾವ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ, ರೇಷ್ಮೆ ಹುಳು ಸಾಕುವ ಹುಳುಮನೆಯ ಯಜಮಾನಿಕೆ ಅತ್ತೆಯದು. ತೋಟದ ಬದುವಿನಲ್ಲಿ ಒಂದು ಹಲಸಿನ ಮರ ಇದೆ. ಆ ಮರದ ಯಜಮಾನಿಕೆಯೂ ಅತ್ತೆಯದೇ.

ಹಲಸನ್ನು ಕೊಯ್ಯದೆ ನೋಡುವುದು ಎರಡು ಸಲದ ಕೆಲಸ. ಮೊದಲು ಮರದಲ್ಲಿ, ಕಾಯಿ ಬಲಿತಿದೆಯೇ ಎಂದು. ಮುಳ್ಳುಗಳು ಒತ್ತೊತ್ತಾಗಿ ಚೂಪಾಗಿರಬಾರದು, ಅಗಲವಾಗಿ ಚಪ್ಪಟೆಯಾಗಿರಬೇಕು. ತೊಟ್ಟಿನ ಪಕ್ಕದ ಎಲೆ ಹಳದಿಗೆ ತಿರುಗಿರಬೇಕು. ತಟ್ಟಿದರೆ ಎಳೆಯದು ಟಕ್ ಟಕ್ ಎನ್ನುತ್ತದೆ, ಬಲಿತದ್ದು ಡಬ್ ಡಬ್ ಎನ್ನುತ್ತದೆ. ಎರಡನೆಯ ಸಲ, ಕಾಯಿ ಇಳಿಸಿ ರಾಗಿ ಹುಲ್ಲಿನಲ್ಲಿ ಮುಚ್ಚಿಟ್ಟ ಮೇಲೆ, ಇವತ್ತು ಕೊಯ್ಯುವುದೋ ನಾಳೆಯೋ ಎಂದು. ಅದಕ್ಕೆ ಕಿವಿ ಸಾಲದು. ಹಿಸುಕಿ ನೋಡೋಣವೆಂದರೆ ನಮ್ಮ ಮರದ್ದು ಗಟ್ಟಿ ತೊಳೆಯ ಜಾತಿ, ಸಿಪ್ಪೆ ಮೆತ್ತಗಾಗುವ ಹೊತ್ತಿಗೆ ಒಳಗೆಲ್ಲ ಹುಳಿ ಬಂದಿರುತ್ತದೆ. ಮೂಗೊಂದೇ ಗತಿ.

ಅತ್ತೆಯ ಮೂಗು ನಮ್ಮ ಊರಿನಲ್ಲಿ ಹೆಸರಾದದ್ದು. ಸುತ್ತಲಿನ ಮನೆಗಳವರು ಹಣ್ಣು ಹೊತ್ತುಕೊಂಡು ಬಂದು, “ವೆಂಕಟಲಕ್ಷ್ಮಮ್ಮ, ಇದು ಯಾವತ್ತಿಗೆ ಆಗ್ತದೆ ನೋಡಮ್ಮ,” ಎಂದು ನಮ್ಮ ಜಗಲಿಯ ಮೇಲೆ ಇಡುತ್ತಿದ್ದರು. ಅತ್ತೆ ತಟ್ಟಿ, ಮೂಸಿ, “ಬುಧವಾರ,” ಎಂದರೆ ಬುಧವಾರವೇ. ಹುಳುಮನೆಯನ್ನೂ ಅವರು ಕಾಯುತ್ತಿದ್ದುದು ಮೂಗಿನಿಂದಲೇ. ಹುಳು ಇರುವ ಕಡೆ ಗಾಟು ವಾಸನೆ ಸುಳಿಯಬಾರದು. ಊದುಬತ್ತಿ ಹಚ್ಚಿ ಒಳಗೆ ಹೋದರೆ ಅತ್ತೆ ಹಿಂದೆಯೇ ಬರುತ್ತಿದ್ದರು. ಪಕ್ಕದ ತೋಟದವರು ಟೊಮೆಟೊಗೆ ಔಷಧಿ ಹೊಡೆಯಲು ಶುರು ಮಾಡಿದರೆ ಎಲ್ಲರಿಗಿಂತ ಮೊದಲು ಅವರೇ ಓಡಿಹೋಗಿ ಕಿಟಕಿ ಮುಚ್ಚುತ್ತಿದ್ದರು.

ನಾನು ಹೇಳುತ್ತಿರುವುದು ಕೊರೊನಾ ಜ್ವರ ನಮ್ಮ ಮನೆಗೂ ಬಂದು ಹೋದ ಮರುವರ್ಷದ ಮಾತು. ಆ ವರ್ಷ ಬೇಸಿಗೆಯಲ್ಲೇ ಶಶಿ ಮದುವೆಯಾಗಿ ಚಿಂತಾಮಣಿಗೆ ಹೋಗಿದ್ದಳು. ಮಳೆ ಬೇಗ ಹಿಡಿಯಿತು. ಸಣ್ಣ ಜಿಟಿಜಿಟಿ, ಬಿಸಿಲೇ ಇಲ್ಲ. ಹಿಪ್ಪುನೇರಳೆ ಸೊಪ್ಪು ಒದ್ದೆ, ಹುಲ್ಲು ಒದ್ದೆ, ಎಲ್ಲರ ಮುಖವೂ ಒದ್ದೆ. ಒಂದು ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಡುಗೆಮನೆಯ ತುಂಬ ಸೀದ ವಾಸನೆ. ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕಪ್ಪಾಗಿತ್ತು. ಒಲೆಗೆ ಬೆನ್ನು ಮಾಡಿ, ಒಂದು ಮೊಳ ದೂರದಲ್ಲಿ, ಅತ್ತೆ ಅವರೆಕಾಳು ಆರಿಸುತ್ತಾ ಕುಳಿತಿದ್ದರು.

“ಅತ್ತೆ, ಹಾಲು!” ಎಂದೆ.

ತಿರುಗಿ ನೋಡಿದರು. ಮುಖದಲ್ಲಿ ಒಂದು ಗಳಿಗೆ ಏನೋ ಬಂದು ಹೋಯಿತು. “ನೋಡ್ತಾನೇ ಇದ್ದೆ ಕಣಮ್ಮ. ನೀನು ಬಂದು ಆರಿಸ್ತೀಯ ಅಂತ ಬಿಟ್ಟೆ,” ಎಂದರು. ನಾನೇ ಹೋಗಿ ಒಲೆ ಆರಿಸಿದೆ.

ಅಂದಿನಿಂದ ನಾನು ಗಮನಿಸತೊಡಗಿದೆ. ಒಗ್ಗರಣೆ ಕಪ್ಪಾದರೂ ಸುಮ್ಮನಿರುತ್ತಿದ್ದರು. ಹುಳಿ ಬಂದ ಹಿಟ್ಟನ್ನು ಮೂಸಿ ನೋಡಿ ಚೆನ್ನಾಗಿದೆ ಎನ್ನುತ್ತಿದ್ದರು. ಅನುಮಾನ ಉಳಿಯಲಿಲ್ಲ. ನಮ್ಮವರಿಗೆ ಹೇಳಿದೆ.

“ರೀ, ಅತ್ತೆಗೆ ವಾಸನೆ ಗೊತ್ತಾಗ್ತಿಲ್ಲ. ಜ್ವರದಲ್ಲಿ ಹೋಗಿದೆ ಅನ್ಸುತ್ತೆ.”

“ಅಮ್ಮಂಗಾ? ಸರಿಹೋಯ್ತು. ಇನ್ನು ನಂಗೆ ಕಣ್ಣಿಲ್ಲ ಅಂತೀಯ,” ಎಂದು ಟವೆಲ್ ಕೊಡವಿಕೊಂಡು ತೋಟಕ್ಕೆ ಹೋದರು.

ಮಾವನಿಗೆ ಹೇಳಿದೆ. ಅವರು ಬೀಡಿ ಆರಿಸಿ, “ನೀನು ಹುಟ್ಟಕ್ಕೆ ಮುಂಚಿಂದ ಅವಳು ಹಣ್ಣು ನೋಡ್ತಾವ್ಳೆ ತಾಯಿ. ನೀನು ಪಾಠ ಮಾಡ್ಕೋ,” ಎಂದರು. ಗೋಡೆಗೆ ಹೇಳಿದ್ದರೆ ಅದಾದರೂ ಎದುರು ಮಾತಾಡುತ್ತಿರಲಿಲ್ಲ.

ಇಷ್ಟರಲ್ಲಿ ಆಷಾಢ ಹತ್ತಿರ ಬಂತು. ಹೊಸ ಮದುವಣಗಿತ್ತಿ ಆಷಾಢದಲ್ಲಿ ತವರಿನಲ್ಲಿ ಇರಬೇಕಲ್ಲ, ಶಶಿಯನ್ನು ಕರೆತರಲು ಚಿಂತಾಮಣಿಗೆ ಹೊರಡಬೇಕಿತ್ತು. ಹೋಗುವಾಗ ಮರದ ಹಣ್ಣು ಒಯ್ಯಬೇಕು. ನಮ್ಮ ಮನೆಯ ಪದ್ಧತಿಯಲ್ಲಿ ಬೀಗರಿಗೆ ಕೊಡುವ ಹಣ್ಣಿಗೆ ಕತ್ತಿ ತಗುಲಬಾರದು. ಕೊಯ್ದು ನೋಡಿ ಕೊಟ್ಟರೆ ಎಂಜಲು ಕೊಟ್ಟಂತೆ. ಇಡಿಯಾಗಿ, ಅರಿಶಿನ ಕುಂಕುಮ ಹಚ್ಚಿ ಅವರ ನಡುಮನೆಯಲ್ಲಿಟ್ಟರೆ, ಬೀಗರೇ ನಾಲ್ಕು ಜನರ ಮುಂದೆ ಕೊಯ್ಯುತ್ತಾರೆ. ಹಣ್ಣಾಗಿದ್ದರೆ ಹೆಣ್ಣು ಕೊಟ್ಟವರ ಮರ್ಯಾದೆ ಉಳಿಯಿತು. ಕಾಯಿಯಾಗಿದ್ದರೆ, ಪಾಪ, ಆ ಮಾತನ್ನು ಹುಡುಗಿ ಬದುಕಿರುವವರೆಗೆ ಕೇಳಬೇಕು.

ನಾಲ್ಕಾರು ಕಾಯಿಗಳನ್ನು ಇಳಿಸಿ, ಹುಳುಮನೆಗೆ ವಾಸನೆ ಹೋಗಬಾರದೆಂದು ದೂರ, ಕೊಟ್ಟಿಗೆಯ ಪಕ್ಕದ ಹುಲ್ಲಿನ ಶೆಡ್ಡಿನಲ್ಲಿ ಮುಚ್ಚಿದ್ದರು. ಹೊರಡುವ ದಿನ ಬೆಳಿಗ್ಗೆ ಎಲ್ಲರೂ ಅಲ್ಲಿ ಸೇರಿದೆವು. ಶೆಡ್ಡಿನ ತುಂಬ ಹಲಸಿನ ಘಮ. ಮಾವ, ನಮ್ಮವರು ಇಬ್ಬರೂ ಮೂಗರಳಿಸಿ, “ಘಮ್ಮಂತೈತೆ,” ಎಂದರು. ಅತ್ತೆ ಅವರಿಬ್ಬರ ಮುಖ ನೋಡಿದರು. ಆಮೇಲೆ ಒಂದು ದೊಡ್ಡ ಹಣ್ಣನ್ನು ತಟ್ಟಿದರು. ಡಬ್ ಡಬ್. ಬಗ್ಗಿ ಮೂಸುವ ಹಾಗೆ ಮಾಡಿ, “ಇದೇ,” ಎಂದರು.

ನಾನು ಹುಲ್ಲಿನಲ್ಲಿ ಮಂಡಿಯೂರಿ ಒಂದೊಂದನ್ನೂ ಮೂಸಿದೆ. ಅಷ್ಟೂ ಘಮ ಬರುತ್ತಿದ್ದುದು ಹಿಂದೆ ಮೂಲೆಯಲ್ಲಿದ್ದ ಒಂದು ಸಣ್ಣ ಸೊಟ್ಟ ಹಣ್ಣಿನಿಂದ. ದೊಡ್ಡದರಲ್ಲಿ ಏನೂ ಇಲ್ಲ, ಹಸಿ ಸೌತೆಕಾಯಿಯ ವಾಸನೆ.

“ಅತ್ತೆ, ಇದು ಆಗಿಲ್ಲ. ಆಗಿರೋದು ಆ ಸಣ್ಣದು.”

“ಆ ಸೊಟ್ಟದನ್ನ ಬೀಗರ ಮನೆಗೆ ತಗೊಂಡು ಹೋಗದಾ?” ಎಂದರು ಮಾವ.

“ಇದನ್ನ ಆಚೆ ಅಂಗಳಕ್ಕೆ ತಂದು ಮೂಸಿ ನೋಡಿ. ಒಂದೇ ಸಲ. ನೀವಾದ್ರೂ ನೋಡ್ರೀ.”

ಅತ್ತೆಯ ತವರು ಆಂಧ್ರದ ಗಡಿ. ಸಿಟ್ಟು ಬಂದರೆ ತೆಲುಗು ಬರುತ್ತದೆ. “ಊರುಕೋ!” ಎಂದು ಗದರಿದರು. ಸುಮ್ಮನಿರು ಎಂದು ಅದರ ಅರ್ಥ. ನಮ್ಮವರು ಹಣ್ಣನ್ನು ಹೆಗಲಿಗೇರಿಸಿ ಕಾರಿನ ಕಡೆ ನಡೆದೇಬಿಟ್ಟರು. ಅಂಗಳಕ್ಕೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಇಟ್ಟು ಮೂಸಿ ನೋಡಲು ಆ ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಚಿಂತಾಮಣಿಯಲ್ಲಿ ಬೀಗರು ಅಕ್ಕಪಕ್ಕದವರನ್ನೂ ಕರೆದಿದ್ದರು. ಹಣ್ಣನ್ನು ಒಳಗೆ ತರುತ್ತಿದ್ದಂತೆ ಶಶಿಯ ಅತ್ತೆ, “ಬಾಗಿಲಿಗೆ ಬರೋ ಹೊತ್ತಿಗೇ ಘಮ್ಮಂತು ನೋಡಿ!” ಎಂದರು. ಸುತ್ತ ಇದ್ದವರೂ ಹೌದು ಹೌದು ಎಂದರು. ಮರ್ಯಾದಸ್ಥರು. ಇಲ್ಲದ ವಾಸನೆಯನ್ನು ಅಷ್ಟು ಜನ ಹೊಗಳುವುದನ್ನು ಕೇಳುತ್ತಾ ನಾನು ಕಾಫಿ ಲೋಟ ಹಿಡಿದು ಕುಳಿತಿದ್ದೆ. ಶಶಿಯ ಮಾವ ಪೇಪರ್ ಹಾಸಿ, ಕೈಗೂ ಮಚ್ಚಿಗೂ ಎಣ್ಣೆ ಸವರಿ, ಹಣ್ಣಿಗೆ ಕೈ ಮುಗಿದು ಏಟು ಹಾಕಿದರು. ಮಚ್ಚು ಅರ್ಧಕ್ಕೆ ಸಿಕ್ಕಿಕೊಂಡಿತು. ಕಿತ್ತು ಮತ್ತೆ ಹಾಕಿದರು. ಬೆಳ್ಳಗೆ ಮೇಣ ಸುರಿಯಿತು. ಒಳಗೆ ತೊಳೆಗಳು ಸುಣ್ಣದ ಹಾಗೆ ಬೆಳ್ಳಗಿದ್ದವು.

ಶಶಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದ ಬಣ್ಣ ಇಳಿದಿತ್ತು. ಆಗ ನಮ್ಮ ಅತ್ತೆ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ನಮ್ಮ ಸೊಸೆ ಮೂಸಿ ನೋಡಿದ್ದು. ಪೇಟೆ ಹುಡುಗಿ. ಅವಳಿಗೇನು ಗೊತ್ತಾಗ್ತದೆ ಪಾಪ.”

ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎನ್ನುತ್ತಾರೆ. ಇಲ್ಲಿ ತಿನ್ನಲು ಹಣ್ಣೂ ಇರಲಿಲ್ಲ. ನಮ್ಮವರ ಕಡೆ ನೋಡಿದೆ. ಅವರು ಚಾವಣಿಯ ಫ್ಯಾನ್ ನೋಡುತ್ತಿದ್ದರು. ಶಶಿಯ ಅತ್ತೆ, “ಹೋಗ್ಲಿ ಬಿಡಿ, ಹುಳಿ ಮಾಡಣ. ಕಾಯಿ ಆದ್ರೇನು, ಪ್ರೀತಿಯಿಂದ ತಂದಿದ್ದಲ್ವಾ?” ಎಂದು ನಕ್ಕರು. ಮಧ್ಯಾಹ್ನ ಆ ಹುಳಿಯನ್ನೇ ಊಟ ಮಾಡಿದೆವು. ರುಚಿಯಾಗಿತ್ತು, ಅದೂ ನನಗೆ ಸಿಟ್ಟೇ ತರಿಸಿತು.

ಸಂಜೆ ಶಶಿಯೊಂದಿಗೆ ಮನೆಗೆ ಬಂದರೆ, ಹಗ್ಗ ಬಿಚ್ಚಿಕೊಂಡ ಹಸು ಹುಲ್ಲು ಕೆದರಿ ಮೂಲೆಯ ಆ ಸಣ್ಣ ಹಣ್ಣನ್ನು ತಿಂದು ಮುಗಿಸಿತ್ತು. ಉಳಿದ ಯಾವುದನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಸಾಕ್ಷಿ ಹೇಳಿದ್ದು ಅದೊಂದೇ.

ಮರುದಿನ ಶಾಲೆಗೆ ರಜೆ ಹಾಕಿ ಅತ್ತೆಯನ್ನು ಶೆಡ್ಡಿನಲ್ಲಿ ಹಿಡಿದೆ. ಅವರು ಚೆಲ್ಲಾಪಿಲ್ಲಿಯಾದ ಹುಲ್ಲು ಒಟ್ಟುತ್ತಿದ್ದರು.

“ವಾಸನೆ ಬರಲ್ಲ ಅಂತ ಯಾಕೆ ಹೇಳಲಿಲ್ಲ ಅತ್ತೆ?”

ಈ ಸಲ ತೆಲುಗು ಬರಲಿಲ್ಲ. ಹುಲ್ಲಿನ ಕಂತೆಯ ಮೇಲೆ ಕುಳಿತರು. “ಜ್ವರದಾಗೆ ಹೋಯ್ತು. ತಿಂಗಳು ಎರಡು ತಿಂಗಳಿಗೆ ಬರ್ತದೆ ಅಂದ್ರು ಡಾಕ್ಟ್ರು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಕಾಫಿಪುಡಿ ಡಬ್ಬ ತೆಗೆದು ಮೂಸ್ತೀನಿ. ಇವತ್ತೂ ಮೂಸ್ದೆ.” ಕೈಗೆ ಸಿಕ್ಕ ಹುಲ್ಲನ್ನು ಮುರಿಯುತ್ತಾ, “ಹೇಳಿದ್ರೆ ಹುಳುಮನೆ ಬಾಗಿಲಾಗೆ ನನ್ನ ಯಾರು ಬಿಡ್ತಾರೆ? ಜಗಲಿ ಮೇಲೆ ಕೂಡಿಸಿ ಊಟ ಹಾಕ್ತೀರ,” ಎಂದರು.

“ಸರಿ. ಬೀಗರ ಮುಂದೆ ನನ್ನ ಹೆಸರು ಯಾಕೆ ಹೇಳಿದ್ರಿ?”

“ನಿನ್ನ ಹೆಸರು ನೀನು ನಾಳೆ ಸರಿ ಮಾಡ್ಕೊಂತೀಯ ಕಣಮ್ಮ. ನನ್ನದು ಹೋದ್ರೆ ಹೋಯ್ತು.”

ತಪ್ಪಾಯಿತು ಎಂಬ ಒಂದು ಮಾತಿಗೆ ಕಾದು ನಿಂತೆ. ಬರಲಿಲ್ಲ. ಬದಲಿಗೆ ಒಂದು ಹಣ್ಣನ್ನು ನನ್ನ ಕಡೆ ಉರುಳಿಸಿ, “ಮೂಸು. ಹೆಂಗೈತೆ ಹೇಳು,” ಎಂದರು. ಯಾರಿಗೂ ಹೇಳಬೇಡ ಎಂದು ಅವರು ಕೇಳಲೂ ಇಲ್ಲ. ನಾನು ಹೇಳುವುದಿಲ್ಲವೆಂದು ಅದು ಹೇಗೆ ಗೊತ್ತಿತ್ತೋ. ಹೇಳಿದ್ದರೂ ಕೇಳುವವರು ಯಾರಿದ್ದರು ಎಂಬುದು ಬೇರೆ ಮಾತು.

ಆ ಆಷಾಢವೆಲ್ಲ ಹೀಗೆಯೇ ಹೋಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಶೆಡ್ಡಿಗೆ ಹೋಗಬೇಕು. ಸೀರೆ ಎತ್ತಿ ಕಟ್ಟಿ, ಒಂದು ಕಡೆ ಗಂಜಲ, ಒಂದು ಕಡೆ ಮುಗ್ಗಲು ಹುಲ್ಲು, ನಡುವೆ ಹಣ್ಣಿಗೆ ಮೂಗಿಡಬೇಕು. ಅತ್ತೆ ಮುಂದೆ ಕುಳಿತು ತಟ್ಟುವರು. ಕಿವಿ ಅವರದು, ಮೂಗು ನನ್ನದು. ತೀರ್ಪು ಮಾತ್ರ ಅವರದೇ.

“ಹೆಂಗೈತೆ?”

“ಸಿಹಿ ವಾಸನೆ ಅತ್ತೆ.”

“ಸಿಹಿ ಅಂದ್ರೆ? ಬೆಲ್ಲದ್ದಾ, ಬಾಳೆಹಣ್ಣಿಂದಾ?”

“ಬಾಳೆಹಣ್ಣು ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ ಆಗಲ್ಲ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ?”

ವ್ಯತ್ಯಾಸ! ಮಕ್ಕಳಿಗೆ ದಿನವಿಡೀ ಮಾತು ಕಲಿಸುವವಳು ನಾನು. ಒಂದು ವಾಸನೆ ಹೇಳಲು ನನ್ನ ಬಳಿ ಮಾತಿರಲಿಲ್ಲ. ಹಸಿ ಸೌತೆಕಾಯಿ ಹೋಗಿ ಹಸಿ ಹುಲ್ಲು ಬರಬೇಕಂತೆ. ಹುಲ್ಲು ಹೋಗಿ ಬಾಳೆಹಣ್ಣು. ಬಾಳೆಯ ಹಿಂದೆ ಜೇನು ಎದ್ದರೆ ಅವತ್ತೇ ಕೊಯ್ಯಬೇಕು. ಜೇನು ಕಳೆದರೆ ಹೆಂಡ, ಆಮೇಲೆ ಹಸುವಿಗೆ ಹಾಕಬೇಕು. ಇದನ್ನೆಲ್ಲ ಅವರು ಬಾಯಲ್ಲಿ ಹೇಳುತ್ತಿದ್ದರು, ನನ್ನ ಮೂಗು ಅದಕ್ಕೆ ಒಪ್ಪುತ್ತಿರಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆಗೆದು ಮೂಸುತ್ತಾ ಕುಳಿತಿದ್ದೇನೆ. ಜೊತೆಯವರು, “ಯಾಕ್ ಮೇಡಂ, ಹಳಸಿದೆಯಾ?” ಎಂದು ಕೇಳಿದ್ದಾರೆ.

ಒಂದು ಹಣ್ಣನ್ನು ಬೇಗ ಕೊಯ್ಯಿಸಿದೆ, ಅರ್ಧ ಬೆಳ್ಳಗಿತ್ತು. ಇನ್ನೊಂದಕ್ಕೆ ಕಾದೆ, ಅದು ಹುಳಿ ಬಂತು. “ಈ ವರ್ಷ ಮರನೇ ಸರಿಯಿಲ್ಲ,” ಎಂದರು ಮಾವ. ಮಳೆ ಜಾಸ್ತಿಯಾಯಿತು, ಅದಕ್ಕೇ, ಎಂದರು ನಮ್ಮವರು. ಅತ್ತೆ ಇಬ್ಬರಿಗೂ ತಲೆಯಾಡಿಸಿದರು. ಮರದ ಮೇಲೆ, ಮಳೆಯ ಮೇಲೆ, ನನ್ನ ಮೇಲೆ, ಯಾರ ಮೇಲಾದರೂ ತಪ್ಪು ಹಾಕಬಹುದಿತ್ತು ಆ ಮನೆಯಲ್ಲಿ. ಶಶಿ ಮಾತ್ರ ಒಂದು ದಿನ, “ಅತ್ತಿಗೆ, ಈ ಸಲ ನಾನು ವಾಪಸ್ ಹೋಗೋವಾಗ ಹಣ್ಣು ಬೇಡ, ಸುಮ್ನೆ ಹೋಗ್ತೀನಿ,” ಎಂದಳು. ಪಾಪ, ಅವಳ ಭಯ ಅವಳಿಗೆ. ಅದನ್ನು ಕೇಳಿದ ಅತ್ತೆಯ ಕಣ್ಣು ಕೆಂಪಾಯಿತು. ಹಣ್ಣು ಹೋಗಲೇಬೇಕು ಎಂದರು.

ಮರದಲ್ಲಿ ಆಗ ಉಳಿದಿದ್ದುದು ಒಂದೇ ಕಾಯಿ, ಬುಡದ ಹತ್ತಿರದ್ದು. ಅತ್ತೆ ದಿನಾ ಅದನ್ನು ತಟ್ಟಿ ಬರುತ್ತಿದ್ದರು. ಇಳಿಸಿದ ಮೇಲೆ ಶೆಡ್ಡಿನಲ್ಲಿ ಇಡಲು ನಾನು ಬಿಡಲಿಲ್ಲ. ಗಂಜಲದ ನಡುವೆ ನನ್ನಿಂದಾಗದು ಎಂದು ಜಗಳವಾಡಿ, ಹುಳುಮನೆಗೆ ಗಾಳಿ ಬೀಸದ ದಿಕ್ಕಿನಲ್ಲಿ, ಪಂಪಿನ ಕೋಣೆಯಲ್ಲಿ ಒಂಟಿಯಾಗಿ ಇರಿಸಿದೆ. ಆಷಾಢ ಮುಗಿದು ಶ್ರಾವಣ ಹುಟ್ಟಿತು, ಶಶಿಯನ್ನು ಕಳಿಸುವ ದಿನ ಬಂತು. ಬೆಳಿಗ್ಗೆ ಪಂಪಿನ ಕೋಣೆಯ ಬಾಗಿಲು ತೆಗೆದೆ. ಬಗ್ಗಬೇಕಾಗಲೇ ಇಲ್ಲ.

“ಜೇನು ಅತ್ತೆ. ಜೇನೇ. ಅನ್ಸುತ್ತೆ ಅಲ್ಲ.”

ಅವರು ತಟ್ಟಿದರು. ಕಿವಿಗೊಟ್ಟು ಮತ್ತೊಮ್ಮೆ ತಟ್ಟಿದರು. ನನ್ನ ಮುಖವನ್ನು ತುಂಬ ಹೊತ್ತು ನೋಡಿ, “ಎತ್ತು,” ಎಂದರು.

ಚಿಂತಾಮಣಿಯ ಅದೇ ನಡುಮನೆ, ಅದೇ ಜನ, ಅದೇ ಎಣ್ಣೆ ಸವರಿದ ಮಚ್ಚು. ಈ ಸಲ ಘಮವನ್ನು ಯಾರೂ ಹೊಗಳಲಿಲ್ಲ, ಹೊಗಳುವ ಅಗತ್ಯವೇ ಇರಲಿಲ್ಲ, ಪಕ್ಕದ ಮನೆಯ ಮಕ್ಕಳು ತಾವಾಗಿಯೇ ಬಂದು ನಿಂತಿದ್ದವು. ಒಂದೇ ಏಟಿಗೆ ಹಣ್ಣು ಬಾಯಿಬಿಟ್ಟಿತು. ಅರಿಶಿನದ ಬಣ್ಣದ ತೊಳೆಗಳು. ಶಶಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಬ್ಬಾ!” ಎಂದರು ಶಶಿಯ ಅತ್ತೆ. “ಈ ಸಲ ಯಾರು ನೋಡಿದ್ದು?”

ನಾನು ಅತ್ತೆಯ ಕಡೆ ತಿರುಗಿದೆ. ಈಗ ಹೇಳುತ್ತಾರೆ ಎಂದುಕೊಂಡೆ. ನಿಜವಾಗಿ ಹಾಗೆಂದುಕೊಂಡೆ.

“ನಾನೇ,” ಎಂದರು ಅತ್ತೆ. “ಸೊಸೆ ಕೈಗೆ ಕೊಟ್ರೆ ಏನಾಗ್ತದೆ ಅಂತ ಹೋದ ಸಲ ನೋಡಿದ್ರಲ್ಲ.”

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗಬೇಕು, ಅಥವಾ ಎಲ್ಲವನ್ನೂ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಶಶಿಯ ಮಾವ ಮೊದಲ ತೊಳೆ ಬಿಡಿಸಿ, ಹಿರಿಯರು ಎಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಬಾಯಿಗಿಟ್ಟುಕೊಂಡರು. ಅಗಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ಇನ್ನೂ ಅಗಿಯುತ್ತಲೇ ಇದ್ದರು, ಹುಲ್ಲು ಅಗಿದಂತೆ. ಆಮೇಲೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನನ್ನ ಕಡೆ ವಾಲಿ, ತುಟಿ ಅಲುಗಿಸದೆ ಕೇಳಿದರು.

“ಹೆಂಗೈತೆ?”

ವಾಸನೆಯ ಜೊತೆಗೇ ರುಚಿಯೂ ಹೋಗಿ, ಆ ಮಳೆಗಾಲವೆಲ್ಲ ತಿಂದ ಒಂದು ಹಣ್ಣಿನ ರುಚಿಯೂ ಅವರಿಗೆ ತಿಳಿದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಕೊಯ್ದಿಟ್ಟ ಮೇಲೂ ಹಣ್ಣಾಗಿದೆಯೇ ಎಂದು ಅವರು ಇನ್ನೊಬ್ಬರನ್ನು ಕೇಳಬೇಕಿತ್ತು. ನಾನು ಒಂದು ತೊಳೆ ಬಾಯಿಗೆ ಹಾಕಿಕೊಂಡೆ.

“ಜೇನು. ಕೊನೆಗೆ ಒಂಚೂರು ಏಲಕ್ಕಿ,” ಎಂದೆ ಮೆಲ್ಲಗೆ.

“ಜೇನು ಕಣ್ರೀ,” ಎಂದರು ಅತ್ತೆ ಇಡೀ ನಡುಮನೆಗೆ ಕೇಳುವಂತೆ, “ಕೊನೆಗೆ ಏಲಕ್ಕಿ ಬರ್ತದೆ, ನೋಡಿ.”

ಆ ಸಿಟ್ಟು ಇನ್ನೂ ಹೋಗಿಲ್ಲ. ಅತ್ತೆಗೆ ವಾಸನೆ ಮರಳಲಿಲ್ಲ, ನನಗೆ ನನ್ನ ಹೆಸರು ಮರಳಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯಲ್ಲಿ ನನ್ನ ಕಾಲ ಯಾವಾಗ ಬರುತ್ತದೋ ಗೊತ್ತಿಲ್ಲ.

ಮೊನ್ನೆ ಆ ರಾಶಿಯಿಂದ ಒಂದು ಹಣ್ಣು ಆರಿಸಿ, ಚೀಲಕ್ಕೆ ಹಾಕಿಸಿ, ದಿಬ್ಬೂರಹಳ್ಳಿಯ ಬಸ್ಸು ಹತ್ತಿದೆ. ಕಂಡಕ್ಟರ್ ಗೊಣಗಿಕೊಂಡು ಅದನ್ನು ನನ್ನ ಕಾಲ ಬಳಿಗೆ ತಳ್ಳಿದ. ಅತ್ತೆ ಜಗಲಿಯ ಮೇಲೆ ಕುಳಿತಿರುತ್ತಾರೆ, ಚಪ್ಪಲಿ ಬಿಡುವ ಮೊದಲೇ ಹೆಂಗೈತೆ ಎಂದು ಕೇಳುತ್ತಾರೆ. ಏನೂ ಹೇಳಬಾರದು, ಒಂದು ದಿನ ಒದ್ದಾಡಲಿ ಎಂದುಕೊಂಡೆ. ಬಸ್ಸು ಊರು ದಾಟುವ ಹೊತ್ತಿಗೆ ಬಗ್ಗಿ ಚೀಲದ ಬಾಯಿ ಬಿಚ್ಚಿದ್ದೆ. ಬಾಳೆಹಣ್ಣಿನ ವಾಸನೆ ಇತ್ತು, ಅದರ ಹಿಂದೆ ಇನ್ನೂ ಏನೋ ಇತ್ತು. ಏನದು ಎಂದು ಮತ್ತೊಮ್ಮೆ ಮೂಸಿದೆ.